ಬಿಲ್ಲಲ್ಲಿ ಬಂದ 36 ಪೈಸೆ: ಕೆಇಬಿ ಒಡೆದ ಕಥೆ

ಆಲೂರಲ್ಲಿ ನಮ್ಮ ಚಿಕ್ಕಪ್ಪಂದು ಒಂದು ಫ್ಲೋರ್ ಮಿಲ್ ಇದೆ, ರಾಗಿ ಬೀಸೋದು, ಖಾರದ ಪುಡಿ ಮಾಡೋದು, ಅಷ್ಟೇ. 2025ರ ಮೇ ತಿಂಗಳಲ್ಲಿ ಕರೆಂಟ್ ಬಿಲ್ ಹಿಡ್ಕೊಂಡು ಮನೆಗೆ ಬಂದ್ರು. "ನೋಡಪ್ಪ, ಪಿ ಅಂಡ್ ಜಿ ಅಂತ ಹೊಸದೊಂದು ಹಾಕವ್ರೆ, ಯೂನಿಟ್‌ಗೆ 36 ಪೈಸೆ. ಯಾರನ್ನ ಕೇಳಿದ್ರೂ ಒಬ್ಬೊಬ್ರು ಒಂದೊಂದು ಹೇಳ್ತಾರೆ, ನೀನೇ ಓದಿ ಹೇಳು" ಅಂದ್ರು. ಅದು ಪಿಂಚಣಿ ಮತ್ತೆ ಗ್ರಾಚ್ಯುಟಿ, ವಿದ್ಯುತ್ ನೌಕರರದ್ದು ಅಂತ ಹೇಳಿದೆ. "ಅವ್ರ ಪಿಂಚಣಿಗೂ ನನ್ ಮಿಲ್ಲಿಗೂ ಏನ್ ಸಂಬಂಧ? ಕೆಇಬಿ ಸರ್ಕಾರದ್ದಲ್ವಾ?" ಅಂದ್ರು.

ಈ ಪ್ರಶ್ನೆಗೆ ಒಂದು ಸಾಲಲ್ಲಿ ಉತ್ತರ ಕೊಡೋಕೆ ನನಗೆ ಆಗ್ಲಿಲ್ಲ. ಕೆಇಬಿ, ಅಂದ್ರೆ ಕರ್ನಾಟಕ ವಿದ್ಯುತ್ ಮಂಡಳಿ, ಮುಚ್ಚಿ 25 ವರ್ಷದ ಮೇಲಾಯ್ತು, ಆದ್ರೂ ಹಾಸನದ ಕಡೆ ಕರೆಂಟ್ ಹೋದ್ರೆ ಇವತ್ತಿಗೂ "ಕೆಇಬಿಗೆ ಫೋನ್ ಮಾಡು" ಅಂತಾರೆ. ಅದು ಯಾಕೆ ಮುಚ್ಚಿತು, ಮುಚ್ಚೋವಾಗ ಯಾರು ಯಾರಿಗೆ ಏನು ಮಾತು ಕೊಟ್ರು, ಅದ್ರಲ್ಲಿ ಹೊರದೇಶದ ದುಡ್ಡಿನ ಪಾತ್ರ ಏನು ಅನ್ನೋದು ಗೊತ್ತಿಲ್ಲದೆ ಈ 36 ಪೈಸೆ ಅರ್ಥ ಆಗಲ್ಲ. ಮನೆ ಕನೆಕ್ಷನ್ ಇರೋರಿಗೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರ್ತಿರೋದ್ರಿಂದ ಸುಮಾರು ಜನ ಇದನ್ನ ಗಮನಿಸಿಯೇ ಇಲ್ಲ, ಗಮನಿಸಿದ್ದು ಅಂಗಡಿಯವರು, ಮಿಲ್ಲಿನವರು, ವರ್ಕ್‌ಶಾಪ್‌ನವರು.

ಹೊರಗಿನ ಸಹಾಯ ನಮ್ಮ ಕರೆಂಟಿಗೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗ ಯಂತ್ರ ಬಂದಿದ್ದು ಅಮೆರಿಕ ಮತ್ತೆ ಸ್ವಿಟ್ಜರ್ಲೆಂಡಿಂದ. 1948ರ ಕಾಯ್ದೆ ಪ್ರಕಾರ ರಾಜ್ಯಕ್ಕೊಂದು ವಿದ್ಯುತ್ ಮಂಡಳಿ ಅಂತಾಯ್ತು, 1957ರಲ್ಲಿ ನಮ್ಮ ಮಂಡಳಿ ಶುರುವಾಯ್ತು. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಬಂತು, ಅದರ ಮೊದಲ ಬಂಡವಾಳದಲ್ಲಿ ಪಿಎಲ್-480ರ ರೂಪಾಯಿ ಇತ್ತು, ಅಂದ್ರೆ ಅಮೆರಿಕದ ಗೋಧಿ ತರಿಸಿಕೊಂಡಿದ್ದಕ್ಕೆ ನಾವು ಇಲ್ಲೇ ಕಟ್ಟಿದ್ದ ದುಡ್ಡು. ಆಗಲೇ ಅಮೆರಿಕದ ಹಳ್ಳಿ ಸಹಕಾರ ಸಂಘಗಳ ಮಾದರಿ ನೋಡಿಕೊಂಡು ದೇಶದಲ್ಲಿ ಐದು ಕಡೆ ವಿದ್ಯುತ್ ಸಹಕಾರ ಸಂಘ ಮಾಡಿದ್ರು, ಅದರಲ್ಲಿ ಒಂದು ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ, ಅದು ಇವತ್ತಿಗೂ ನಡೀತಿದೆ. ಆ ಕಾಲದ ಸಹಾಯ ಅಂದ್ರೆ ಅಣೆಕಟ್ಟು ಕಟ್ಟು, ಕಂಬ ನೆಡು, ತಂತಿ ಎಳಿ, ಇಷ್ಟೇ. ಮಂಡಳಿ ಹೇಗೆ ನಡೆಸ್ತೀರ, ರೇಟ್ ಎಷ್ಟು ಹಾಕ್ತೀರ ಅಂತ ಯಾರೂ ಹೆಚ್ಚು ಕೇಳ್ತಿರಲಿಲ್ಲ.

ಎಂಬತ್ತರ ದಶಕದ ಹೊತ್ತಿಗೆ ಪಂಪ್‌ಸೆಟ್‌ಗೆ ಮೀಟರ್ ಬಿಟ್ಟು ಎಚ್‌ಪಿ ಲೆಕ್ಕದಲ್ಲಿ ವರ್ಷಕ್ಕಿಷ್ಟು ಅಂತ ಹಾಕೋ ಪದ್ಧತಿ ರಾಜ್ಯಗಳಲ್ಲಿ ಹರಡಿತು. ಮೀಟರ್ ರೀಡರ್ ಗದ್ದೆ ಗದ್ದೆ ಅಲೀಬೇಕಿರಲಿಲ್ಲ, ರೈತನಿಗೂ ತಲೆನೋವಿಲ್ಲ, ಹಾಗಾಗಿ ಎಲ್ಲರಿಗೂ ಅನುಕೂಲವಾಗೇ ಕಾಣ್ತಿತ್ತು. ಆದ್ರೆ ಅವತ್ತಿಂದ ಪಂಪ್‌ಸೆಟ್ ಎಷ್ಟು ಕರೆಂಟ್ ಕುಡೀತದೆ ಅನ್ನೋದು ಅಂದಾಜಿನ ಲೆಕ್ಕ ಆಗೋಯ್ತು, ಮುಂದೆ ನಡೆದಿದ್ದೆಲ್ಲ ಈ ಅಂದಾಜಿನ ಸುತ್ತಲೇ.

1991ರಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಉತ್ಪಾದನೆಗೆ ಖಾಸಗಿಯವರನ್ನ ಬಿಟ್ಟಿತು. ಮಂಗಳೂರು ಹತ್ರ ನಂದಿಕೂರಿಗೆ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ 1000 ಮೆಗಾವ್ಯಾಟ್ ಸ್ಥಾವರದ ಪ್ಲಾನ್ ಹಾಕ್ಕೊಂಡು ಬಂತು, ವರ್ಷಗಟ್ಟಲೆ ಪರ್ಮಿಷನ್ನು, ಕೋರ್ಟು, ಗ್ಯಾರಂಟಿ ಅಂತ ಓಡಾಡಿ 1999ರ ಡಿಸೆಂಬರ್‌ನಲ್ಲಿ ವಾಪಸ್ ಹೋಯ್ತು. ಅದೇ ನಂದಿಕೂರಿನ ಕಡೆ ಆಮೇಲೆ ಬೇರೆಯವರು 1200 ಮೆಗಾವ್ಯಾಟ್ ಸ್ಥಾವರ ಮಾಡಿದ್ರು, ವಿದೇಶಿ ಕಲ್ಲಿದ್ದಲಿಂದು, ಅದರ 400 ಕೆವಿ ಲೈನು ಘಾಟಿ ಹತ್ತಿ ಹಾಸನದ ಶಾಂತಿಗ್ರಾಮಕ್ಕೆ ಬರುತ್ತೆ. ಅದರ ಟವರ್‌ಗಳು ಕಂಡಾಗೆಲ್ಲ ನನಗೆ ಆ ಹಳೇ ಕೊಜೆಂಟ್ರಿಕ್ಸ್ ಸುದ್ದಿ ನೆನಪಾಗುತ್ತೆ.

ಇನ್ನು ವಿಶ್ವಬ್ಯಾಂಕ್ ವಿಷಯ. 1993ರಲ್ಲಿ ಬ್ಯಾಂಕ್ ತನ್ನ ನೀತಿ ಬದಲಾಯಿಸ್ತು. ಇನ್ಮೇಲೆ ಬರೀ ಡ್ಯಾಮಿಗೆ, ಲೈನಿಗೆ ಸಾಲ ಕೊಡಲ್ಲ, ವಿದ್ಯುತ್ ಕ್ಷೇತ್ರವನ್ನೇ ಸುಧಾರಣೆ ಮಾಡ್ತೀವಿ ಅನ್ನೋರಿಗೆ ಮಾತ್ರ ಕೊಡ್ತೀವಿ ಅಂತ. ಸುಧಾರಣೆ ಅಂದ್ರೆ ಮಂಡಳಿಯನ್ನ ಉತ್ಪಾದನೆ, ಸಾಗಣೆ, ಹಂಚಿಕೆ ಅಂತ ಒಡೆಯೋದು, ರೇಟ್ ಹೇಳೋಕೆ ಸರ್ಕಾರದ ಬದಲು ಒಂದು ಆಯೋಗ ಇಡೋದು, ಕೊನೆಗೆ ಹಂಚಿಕೆಯನ್ನ ಖಾಸಗಿಗೆ ಕೊಡೋದು. ಮೊದಲು ಒಪ್ಪಿದ್ದು ಒಡಿಶಾ, 1996ರಲ್ಲಿ, 35 ಕೋಟಿ ಡಾಲರ್ ಸಾಲ, ಜೊತೆಗೆ ಬ್ರಿಟನ್ ಸರ್ಕಾರದ ನೆರವು. ಅಲ್ಲಿ ಕನ್ಸಲ್ಟೆಂಟ್‌ಗಳಿಗೇ 300 ಕೋಟಿ ರೂಪಾಯಿ ಮೀರಿ ಖರ್ಚಾಯ್ತು ಅಂತ ಆಮೇಲೆ ಒಡಿಶಾ ಸರ್ಕಾರವೇ ನೇಮಿಸಿದ್ದ ಕಾನುಂಗೋ ಸಮಿತಿ ಹೇಳ್ತು. ಮಧ್ಯ ಭಾಗದ ಹಂಚಿಕೆ ತಗೊಂಡಿದ್ದ ಅಮೆರಿಕದ ಎಇಎಸ್ ಕಂಪನಿ 1999ರ ಚಂಡಮಾರುತದ ಪೆಟ್ಟೂ ತಿಂದು, ವಸೂಲಿನೂ ಆಗದೆ 2001ರಲ್ಲಿ ಬಿಟ್ಟು ಹೋಯ್ತು. ಆಂಧ್ರದಲ್ಲಿ ಸುಧಾರಣೆ ಜೊತೆ ರೇಟ್ ಏರಿ, 2000ದ ಆಗಸ್ಟ್ 28ರಂದು ಹೈದರಾಬಾದಿನ ಬಷೀರ್‌ಬಾಗಲ್ಲಿ ಪ್ರತಿಭಟನೆ ಮಾಡ್ತಿದ್ದವರ ಮೇಲೆ ಗೋಲಿಬಾರ್ ಆಯ್ತು, ಜನ ಸತ್ರು. ನಮ್ಮ ರಾಜ್ಯದವರು ಈ ಎರಡನ್ನೂ ಕಣ್ಣಾರೆ ನೋಡ್ತಾ ನೋಡ್ತಾನೇ ಸುಧಾರಣೆ ಮಾಡಿದ್ದು, ಇದನ್ನ ಮರೀಬಾರದು, ಯಾಕಂದ್ರೆ ಇಲ್ಲಿ ಎಲ್ಲಾ ಅರ್ಧ ಹೆಜ್ಜೆ ಇಟ್ಟು ನಿಂತಿದ್ದಕ್ಕೆ ಅದೂ ಒಂದು ಕಾರಣ ಅನ್ಸುತ್ತೆ ನನಗೆ.

1999ರ ಜೂನ್ 1ರಿಂದ ಕರ್ನಾಟಕ ವಿದ್ಯುತ್ ಸುಧಾರಣಾ ಕಾಯ್ದೆ ಜಾರಿಗೆ ಬಂತು, ಆಗಸ್ಟ್ 1ಕ್ಕೆ ಕೆಇಬಿ ಹೋಗಿ ಕೆಪಿಟಿಸಿಎಲ್ ಅನ್ನೋ ಸರ್ಕಾರಿ ಕಂಪನಿ ಆಯ್ತು, ನವೆಂಬರ್‌ನಲ್ಲಿ ವಿದ್ಯುತ್ ನಿಯಂತ್ರಣ ಆಯೋಗ, ಅಂದ್ರೆ ಕೆಇಆರ್‌ಸಿ, ಶುರುವಾಯ್ತು. ನಾನಾಗ ಹೈಸ್ಕೂಲು. ನಮ್ಮ ದೊಡ್ಡಮಾವ ಲೈನ್‌ಮ್ಯಾನ್ ಆಗಿದ್ರು, ಅವರ ಮನೇಲಿ ಆ ವರ್ಷ ಬೇರೆ ಮಾತೇ ಇರಲಿಲ್ಲ. ಕಂಪನಿ ಆದ್ರೆ ಕೆಲಸ ಇರ್ತದಾ, ಪಿಂಚಣಿ ಯಾರು ಕೊಡ್ತಾರೆ, ನಾಳೆ ಯಾರೋ ಸಾಹುಕಾರ ಕಂಪನಿ ಕೊಂಡ್ಕೊಂಡು ಹೋಗಿ ಅಂದ್ರೆ ಎಲ್ಲಿಗೆ ಹೋಗೋದು ಅಂತ ರಾತ್ರಿ ಊಟದ ಹೊತ್ತಲ್ಲೂ ಅದೇ. ಮೂವತ್ತು ವರ್ಷ ಮಳೇಲಿ ಕಂಬ ಹತ್ತಿದ ಮನುಷ್ಯನಿಗೆ ಆ ಭಯ ಬಂದಿದ್ದು ತಪ್ಪು ಅಂತ ನಾನ್ಯಾವತ್ತೂ ಹೇಳಲ್ಲ. ನೌಕರರ ಸಂಘ, ಸರ್ಕಾರ, ಕಂಪನಿ ಮೂವರೂ ಕೂತು ತ್ರಿಪಕ್ಷೀಯ ಒಪ್ಪಂದ ಮಾಡ್ಕೊಂಡ್ರು, ಸೇವಾ ಷರತ್ತು ಬದಲಾಗಲ್ಲ, ಪಿಂಚಣಿಗೆ ತೊಂದ್ರೆ ಇಲ್ಲ ಅಂತ. ಆ ಭರವಸೆ ಸಿಕ್ಕಿದ್ಮೇಲೇ ಒಡೆಯೋ ಕೆಲಸ ಮುಂದಕ್ಕೆ ಹೋಗಿದ್ದು. ಚಿಕ್ಕಪ್ಪನ ಬಿಲ್ಲಿನ ಆ ಸಾಲಿನ ಬೇರು ಇಲ್ಲಿದೆ.

ಆಯೋಗದ ಬಗ್ಗೆ ಒಳ್ಳೇದೂ ಹೇಳ್ಬೇಕು. ಅಲ್ಲಿವರೆಗೂ ರೇಟ್ ಅನ್ನೋದು ಒಂದು ದಿನ ಪೇಪರಲ್ಲಿ ಬರ್ತಿತ್ತು, ಅಷ್ಟೇ. ಆಯೋಗ ಬಂದ್ಮೇಲೆ ಬಹಿರಂಗ ವಿಚಾರಣೆ ಶುರುವಾಯ್ತು, ರೈತ ಸಂಘದವರು, ಸಣ್ಣ ಕೈಗಾರಿಕೆಯವರು ಕಂಪನಿ ಲೆಕ್ಕ ಹಿಡಿದು ಪ್ರಶ್ನೆ ಕೇಳೋ ಹಾಗಾಯ್ತು. ಆಗ ಹೊರಗೆ ಬಿದ್ದಿದ್ದೇ ಆ ಅಂದಾಜಿನ ಲೆಕ್ಕ. ಮೊದಲು ಸಾಗಣೆ-ಹಂಚಿಕೆ ನಷ್ಟ ನೂರಕ್ಕೆ ಇಪ್ಪತ್ತರ ಆಸುಪಾಸು ಅಂತ ತೋರಿಸ್ತಿದ್ರು, ಸರಿಯಾಗಿ ಕೆದಕಿದ್ಮೇಲೆ ಅದು ಮೂವತ್ತರ ಮೇಲೆ ಹೋಯ್ತು. ವ್ಯತ್ಯಾಸ ಎಲ್ಲಿತ್ತು? ಪಂಪ್‌ಸೆಟ್ ಲೆಕ್ಕದಲ್ಲಿ. ಟೌನಲ್ಲಿ ಕದ್ದಿದ್ದು, ಹಳೇ ತಂತೀಲಿ ಸೋರಿದ್ದು, ಬಿಲ್ ಮಾಡದೇ ಬಿಟ್ಟಿದ್ದು ಎಷ್ಟೋ ಪಾಲು ರೈತನ ಹೆಸರಿಗೆ ಬರೆದಿತ್ತು. ಮೀಟರ್ ಇಲ್ಲದ ಕಡೆ ಎಷ್ಟು ಬೇಕಾದ್ರೂ ಬರೀಬಹುದು ತಾನೇ. ಈ ವಿಷಯ ಹೊರಗೆ ಬಂದಿದ್ದು ಸುಧಾರಣೆಯಿಂದ ಆದ ದೊಡ್ಡ ಉಪಕಾರ ಅಂತ ನಾನು ನಂಬ್ತೀನಿ, ಆದ್ರೆ ಅದನ್ನ ರೈತನಿಗೆ ಯಾರೂ ಬಂದು ಹೇಳ್ಲಿಲ್ಲ, ಹೇಳಿದ್ದು ಮೀಟರ್ ಹಾಕಿಸ್ಕೋ ಅಂತ ಮಾತ್ರ.

2001ರಲ್ಲಿ ವಿಶ್ವಬ್ಯಾಂಕ್ ರಾಜ್ಯದ ಆರ್ಥಿಕ ಪುನರ್‌ರಚನೆಗೆ ಅಂತ 15 ಕೋಟಿ ಡಾಲರ್, 2002ರಲ್ಲಿ ಇನ್ನೂ 10 ಕೋಟಿ ಡಾಲರ್ ಸಾಲ ಕೊಡ್ತು, ವಿದ್ಯುತ್ ಸುಧಾರಣೆ ಅದರ ಒಂದು ದೊಡ್ಡ ಭಾಗ. 2002ರ ಜೂನ್‌ನಲ್ಲಿ ಹಂಚಿಕೆ ನಾಲ್ಕು ಕಂಪನಿ ಆಯ್ತು, ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ. ಹಾಸನ, ಚಿಕ್ಕಮಗಳೂರು ಎರಡೂ ಮೆಸ್ಕಾಂಗೆ ಹೋದವು. ಖಾಸಗಿಗೆ ಕೊಡೋದು ಕಾಗದದಲ್ಲಿತ್ತು, ಆಗ್ಲಿಲ್ಲ. ಮೂರು ವರ್ಷ ಆದ್ಮೇಲೆ ಮೈಸೂರಲ್ಲಿ ಸೆಸ್ಕ್ ಅನ್ನೋ ಐದನೇ ಹಂಚಿಕೆ ಕಂಪನಿ ಆಗಿ ಹಾಸನ ಅದಕ್ಕೆ ಸೇರ್ತು, ಚಿಕ್ಕಮಗಳೂರು ಮೆಸ್ಕಾಂನಲ್ಲೇ ಉಳೀತು. ಬೇಲೂರು ದಾಟಿ ಆ ಕಡೆ ಹೋದ್ರೆ ಕಂಪನಿ ಬೇರೆ, ಆದ್ರೆ ಮಳೆ ಅದೇ, ಮರ ಅವೇ, ಲೈನ್ ಕಟ್ ಆಗೋದೂ ಒಂದೇ ರೀತಿ.

ಇದೇ ವರ್ಷಗಳಲ್ಲಿ ಸಾಲು ಸಾಲು ಬರ ಬೇರೆ. ನಮ್ಮ ಗದ್ದೆ ಕಡೆ ತ್ರೀ ಫೇಸ್ ರಾತ್ರಿ ಹನ್ನೊಂದಕ್ಕೆ ಬರ್ತಿತ್ತು, ಕೆಲವು ದಿನ ಬೆಳಗಿನ ಜಾವ ಎರಡಕ್ಕೆ. ಅಪ್ಪ ಟಾರ್ಚ್ ಹಿಡ್ಕೊಂಡು ಪಂಪ್‌ಹೌಸಿಗೆ ಹೋಗೋರು, ಆಮೇಲೆ ಆಟೋ ಸ್ಟಾರ್ಟರ್ ಹಾಕಿಸಿದ್ರು, ಊರಲ್ಲಿ ಎಲ್ಲರೂ ಹಾಕಿಸಿದ್ರು, ಕರೆಂಟ್ ಬಂದ ಕೂಡ್ಲೇ ಎಲ್ಲಾ ಮೋಟಾರ್ ಒಟ್ಟಿಗೇ ಸ್ಟಾರ್ಟ್ ಆಗಿ ಟೀಸಿ, ಅಂದ್ರೆ ಟ್ರಾನ್ಸ್‌ಫಾರ್ಮರ್, ಸುಟ್ಟು ಹೋಗೋದು. ಸುಟ್ಟ ಟೀಸಿ ಬದಲಾಯಿಸೋಕೆ ಟ್ರ್ಯಾಕ್ಟರ್ ನಾವೇ ಮಾಡ್ಕೊಂಡು ಹೋಗಬೇಕಿತ್ತು. ಅಂಥಾ ಹೊತ್ತಲ್ಲಿ ಬಂದು ಮೀಟರ್ ಹಾಕ್ತೀವಿ ಅಂದ್ರೆ ಯಾರು ಒಪ್ತಾರೆ? ಮೊದಲು ಕರೆಂಟ್ ಸರಿಯಾಗಿ ಕೊಡಿ ಅಂತ ಜನ ಅಂದ್ರು, ಮೊದಲು ದುಡ್ಡು ಕಟ್ಟಿ ಅಂತ ಆ ಕಡೆಯವರು ಅಂದ್ರು. ಇದ್ರಲ್ಲಿ ಸುಳ್ಳು ಯಾರದ್ದೂ ಇರಲಿಲ್ಲ. ಹೊರಗಿಂದ ಬಂದ ಸುಧಾರಣೆಯ ಪ್ಲಾನಲ್ಲಿ ಕಂಪನಿ ಎಷ್ಟಾಗಬೇಕು, ಆಯೋಗದಲ್ಲಿ ಯಾರಿರಬೇಕು ಅನ್ನೋದೆಲ್ಲ ಬಾರೀಕಾಗಿ ಇತ್ತು, ಈ ಟೀಸಿ ಹತ್ರ ನಿಂತಿರೋ ಇಬ್ಬರ ಮಧ್ಯೆ ನಂಬಿಕೆ ಹೇಗೆ ತರೋದು ಅನ್ನೋದು ಮಾತ್ರ ಇರಲಿಲ್ಲ, ನನಗೆ ಇವತ್ತಿಗೂ ಬೇಜಾರಾಗೋದು ಅದಕ್ಕೇ.

2003ರಲ್ಲಿ ಇಡೀ ದೇಶಕ್ಕೆ ವಿದ್ಯುತ್ ಕಾಯ್ದೆ ಬಂತು. ಅದರ 55ನೇ ಸೆಕ್ಷನ್ ಎರಡು ವರ್ಷದೊಳಗೆ ಎಲ್ಲಾ ಕನೆಕ್ಷನ್‌ಗೂ ಮೀಟರ್ ಇರಬೇಕು ಅನ್ನುತ್ತೆ, ಆಯೋಗ ಗಡುವು ಮುಂದೆ ಹಾಕಬಹುದು. 65ನೇ ಸೆಕ್ಷನ್ ಪ್ರಕಾರ ಸರ್ಕಾರ ಯಾರಿಗಾದ್ರೂ ಕಡಿಮೆಗೆ ಅಥವಾ ಪುಕ್ಕಟೆ ಕೊಡೋದಾದ್ರೆ ಆ ದುಡ್ಡನ್ನ ಕಂಪನಿಗೆ ಮುಂಗಡವಾಗಿ ಕಟ್ಟಬೇಕು. ಆಮೇಲೆ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಪೂರ್ತಿ ಉಚಿತ ಆಯ್ತು. ಮೀಟರ್ ಗಡುವು ಮುಂದೆ ಹೋಗ್ತಾ ಹೋಯ್ತು. ಕಾಫಿ ಪಂಪ್‌ಸೆಟ್‌ಗೆ ಮಾತ್ರ ಬೇರೆ ಟ್ಯಾರಿಫ್ಫು, ಮೀಟರ್ ಇದೆ, ಬಿಲ್ ಇದೆ. ಹಾಗಾಗಿ ಸಕಲೇಶಪುರದ ಕಡೆ ಫೆಬ್ರವರಿ-ಮಾರ್ಚಲ್ಲಿ ಹೂ ಅರಳಿಸೋಕೆ ಸ್ಪ್ರಿಂಕ್ಲರ್ ಹೊಡೆಯೋ ಬೆಳೆಗಾರ ಯೂನಿಟ್ ಲೆಕ್ಕದಲ್ಲಿ ಕಟ್ತಾನೆ, ಬೇಲಿ ಆಚೆ ಶುಂಠಿಗೆ ನೀರು ಬಿಡೋನಿಗೆ ಎಷ್ಟು ಯೂನಿಟ್ ಆಯ್ತು ಅಂತಾನೇ ಗೊತ್ತಿಲ್ಲ. ಅವನ ಲೆಕ್ಕ ಸರ್ಕಾರ ಕೊಡೋ ಸಬ್ಸಿಡಿ ಫೈಲಲ್ಲಿ ಬರುತ್ತೆ, ಈಗ್ಲೂ ಬಹುಪಾಲು ಅಂದಾಜೇ.

ಅದಾದ್ಮೇಲಿನದ್ದು ಬೇಗ ಹೇಳಿಬಿಡ್ತೀನಿ. ನಿರಂತರ ಜ್ಯೋತಿ ಅನ್ನೋ ಸರ್ಕಾರಿ ಯೋಜನೆಯಲ್ಲಿ ಊರಿನ ಫೀಡರ್, ತೋಟದ ಫೀಡರ್, ಅಂದ್ರೆ ಸಬ್‌ಸ್ಟೇಷನ್ನಿಂದ ಬರೋ ಲೈನು, ಬೇರೆ ಬೇರೆ ಮಾಡಿದ್ರು, ಇದರಿಂದ ಮನೆಗಳಿಗೆ ನಿಜವಾಗ್ಲೂ ನೆಮ್ಮದಿ ಆಯ್ತು, ತೋಟದ ಕರೆಂಟನ್ನ ಕೊನೇಪಕ್ಷ ಫೀಡರ್ ಲೆವೆಲ್ಲಲ್ಲಿ ಅಳೆಯೋಕೂ ದಾರಿ ಆಯ್ತು. ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್ ದೊಡ್ಡಬಳ್ಳಾಪುರದಲ್ಲಿ ನೀರು-ಕರೆಂಟ್ ಎರಡನ್ನೂ ಉಳಿಸೋ ಪಂಪ್‌ಸೆಟ್ ಪ್ರಯೋಗ ಮಾಡ್ತು, ನಮ್ಮ ಕಡೆಗೆ ಬರ್ಲಿಲ್ಲ. ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದ ಸಾಲ ಬೆಂಗಳೂರಿನ ಹಂಚಿಕೆ ವ್ಯವಸ್ಥೆ ಆಟೊಮೇಷನ್‌ಗೆ, 2020ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಒಪ್ಪಿದ 19 ಕೋಟಿ ಡಾಲರ್ ಬೆಂಗಳೂರಿನ ತಂತಿಗಳನ್ನ ನೆಲದೊಳಗೆ ಹಾಕೋಕೆ. ಸಾಲ ವಾಪಸ್ ಬರೋ ಜಾಗಕ್ಕೆ ಸಾಲ ಹೋಗುತ್ತೆ, ಅದು ನನಗೂ ಅರ್ಥ ಆಗುತ್ತೆ. ಆದ್ರೆ ಜುಲೈ ಗಾಳೀಲಿ ಸಿಲ್ವರ್ ಮರ ಲೈನ್ ಮೇಲೆ ಬಿದ್ದು ನಾಲ್ಕೈದು ದಿನ ಕತ್ತಲಲ್ಲಿರೋ ಊರುಗಳು ಸುಧಾರಣೆಯ ಯಾವ ಪಟ್ಟಿಯಲ್ಲಿ ಎಷ್ಟನೇ ನಂಬರಲ್ಲಿವೆ ಅಂತ ಕೇಳೋ ಹಕ್ಕು ನಮಗಿದೆ.

ಪಿಂಚಣಿ ವಿಷಯಕ್ಕೆ ವಾಪಸ್ ಬರೋಣ. ಕಂಪನಿಗಳಾದ್ಮೇಲೆ ಪಿಂಚಣಿಗೆ ಬೇರೆ ಟ್ರಸ್ಟ್ ಆಯ್ತು, ಸರ್ಕಾರ ತನ್ನ ಪಾಲು ಕಟ್ತಿತ್ತು. ಮುಂದೆ ಆ ಪಾಲನ್ನೂ ಕಂಪನಿಗಳೇ ನೋಡ್ಕೊಳ್ಳಲಿ, ಅವು ಗ್ರಾಹಕರಿಂದ ತಗೊಳ್ಳಲಿ ಅಂತಾಯ್ತು, ವಿಷಯ ಹೈಕೋರ್ಟ್ ಹತ್ತಿತು, ಕೊನೆಗೆ ಕೆಇಆರ್‌ಸಿ 2025ರ ಏಪ್ರಿಲ್ 1ರಿಂದ ಯೂನಿಟ್‌ಗೆ 36 ಪೈಸೆ ಅಂತ ಆದೇಶ ಮಾಡ್ತು, ಮುಂದಿನ ವರ್ಷಕ್ಕೆ 35, ಅದರ ಮುಂದಿನದಕ್ಕೆ 34. ಗೃಹಜ್ಯೋತಿ ಮನೆಗಳ ಪಾಲು ಸರ್ಕಾರದ ಸಬ್ಸಿಡಿಯಿಂದ ಹೋಗುತ್ತೆ. ಮಿಲ್ಲಿನವರದ್ದು ಅವರ ಜೇಬಿಂದ.

ಚಿಕ್ಕಪ್ಪನಿಗೆ ಇಷ್ಟೆಲ್ಲಾ ಹೇಳೋ ಹೊತ್ತಿಗೆ ಚಿಕ್ಕಮ್ಮ ಎರಡು ಸಲ ಕಾಫಿ ಕೊಟ್ಟಾಗಿತ್ತು. "ಹಂಗಾದ್ರೆ ನಿಮ್ ದೊಡ್ಡಮಾವನ ಪಿಂಚಣೀಲಿ ನಂದೂ ಒಂದ್ ಪಾಲು" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು, "ಅವ್ರಿಗೆ ಕೊಡೋದಕ್ಕೆ ನಂದೇನೂ ಬೇಜಾರಿಲ್ಲ ಕಣಪ್ಪ, 99ರಲ್ಲೇ ನಮ್ಮನ್ನೂ ಕೂರಿಸ್ಕೊಂಡು ಹೇಳಿದ್ರೆ ಆಗ್ತಿತ್ತು" ಅಂತ ಬಿಲ್ ಮಡಚಿ ಜೇಬಿಗೆ ಇಟ್ಕೊಂಡ್ರು.