ಬ್ಯಾಂಡ್‌ವಿಡ್ತ್ ಬಳಕೆ: ಪದದ ಅರ್ಥ ಮತ್ತು ಮನೆಯ ಕಂಪ್ಯೂಟರಿನಲ್ಲಿ ಅದನ್ನು ನೋಡುವ ಬಗೆ

ಬ್ಯಾಂಡ್‌ವಿಡ್ತ್ ಎಂಬ ಪದ ಇಂಟರ್ನೆಟ್ಟಿಗಿಂತ ಹಳೆಯದು. ಒಂದು ಸಂಕೇತ ವ್ಯಾಪಿಸಿಕೊಳ್ಳುವ ಆವರ್ತನಗಳ ಹರವನ್ನು ರೇಡಿಯೊ ತಂತ್ರಜ್ಞರು ಈ ಹೆಸರಿನಿಂದ ಕರೆದು ಹರ್ಟ್ಸ್‌ಗಳಲ್ಲಿ ಅಳೆಯುತ್ತಿದ್ದರು. ಆ ಹರವಿಗೂ, ಗದ್ದಲವಿರುವ ಮಾರ್ಗದಲ್ಲಿ ಮಾಹಿತಿಯನ್ನು ತಪ್ಪಿಲ್ಲದೆ ಸಾಗಿಸಬಹುದಾದ ಗರಿಷ್ಠ ವೇಗಕ್ಕೂ ಇರುವ ನಂಟನ್ನು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಗಣಿತದಿಂದ ತೋರಿಸಿಕೊಟ್ಟರು. ಕಂಪ್ಯೂಟರ್ ಜಾಲಗಳ ಮಾತಿನಲ್ಲಿ ಬರಬರುತ್ತಾ ಆ ವೇಗಕ್ಕೇ ಬ್ಯಾಂಡ್‌ವಿಡ್ತ್ ಎಂಬ ಹೆಸರು ಅಂಟಿಕೊಂಡಿತು. ಇಂದು ಅದರ ಅರ್ಥ, ಒಂದು ಸೆಕೆಂಡಿಗೆ ಗರಿಷ್ಠ ಎಷ್ಟು ಬಿಟ್‌ಗಳು, ಅಂದರೆ 0 ಅಥವಾ 1 ಎಂಬ ಮಾಹಿತಿಯ ಕಿರುತುಣುಕುಗಳು, ಹಾದುಹೋಗಬಲ್ಲವು ಎಂಬುದು.

ಹಾಗಾಗಿ ಬ್ಯಾಂಡ್‌ವಿಡ್ತ್ ಬೇರೆ, ತಿಂಗಳಿಡೀ ಖರ್ಚಾದ ಡೇಟಾ ಬೇರೆ. ಮೊದಲನೆಯದು ನಲ್ಲಿಯ ಬಾಯಿಯ ಅಗಲವಾದರೆ ಎರಡನೆಯದು ತೊಟ್ಟಿಯಲ್ಲಿ ತುಂಬಿದ ನೀರು. ಬ್ಯಾಂಡ್‌ವಿಡ್ತ್ ಬಳಕೆ ಎಂದರೆ ಈ ಗಳಿಗೆಯಲ್ಲಿ ಆ ಅಗಲದ ಎಷ್ಟು ಪಾಲು ತುಂಬಿದೆ ಎಂಬ ಲೆಕ್ಕ. ಇಲ್ಲಿ ಅಳತೆಯ ಮಾನ ಬಹಳ ಜನರನ್ನು ಗೊಂದಲಕ್ಕೆ ಕೆಡವುತ್ತದೆ. ಓಡುತ್ತಿರುವ ತಂತ್ರಾಂಶಗಳನ್ನು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಒಂದು ಡೌನ್‌ಲೋಡಿನ ಎದುರು 40 ಎಂಬಿಪಿಎಸ್ (ಸೆಕೆಂಡಿಗೆ 40 ದಶಲಕ್ಷ ಬಿಟ್) ಎಂದು ತೋರಿಸುವ ಹೊತ್ತಿಗೆ, ಅದೇ ಡೌನ್‌ಲೋಡಿಗೆ ವಿಂಡೋಸ್‌ನದೇ ಇನ್ನೊಂದು ಸಾಧನವಾದ ರಿಸೋರ್ಸ್ ಮಾನಿಟರ್ ಸೆಕೆಂಡಿಗೆ ಸುಮಾರು 50,00,000 ಬೈಟ್ ಎಂದು ತೋರಿಸುತ್ತದೆ. ಎರಡೂ ಸರಿಯೇ, 8 ಬಿಟ್ ಸೇರಿದರೆ ಒಂದು ಬೈಟ್ ಆಗುವುದರಿಂದ ಮೊದಲನೆಯದನ್ನು 8ರಿಂದ ಭಾಗಿಸಿದರೆ ಎರಡನೆಯದು ಸಿಗುತ್ತದೆ.

ಸಂಪರ್ಕ, ಅಂದರೆ ಕನೆಕ್ಷನ್, ಇದಕ್ಕಿಂತ ಭಿನ್ನವಾದದ್ದು. ನಮ್ಮ ಕಂಪ್ಯೂಟರಿನ ಐಪಿ ವಿಳಾಸ (ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಮತ್ತು ಪೋರ್ಟ್ (ಆ ವಿಳಾಸದೊಳಗಿನ ಬಾಗಿಲಿನ ಸಂಖ್ಯೆ) ಒಂದು ತುದಿಯಲ್ಲಿ, ದೂರದ ಕಂಪ್ಯೂಟರಿನ ವಿಳಾಸ ಮತ್ತು ಪೋರ್ಟ್ ಇನ್ನೊಂದು ತುದಿಯಲ್ಲಿ ಇರುವ ಜೋಡಣೆ ಅದು. ಸಂಪರ್ಕ ತೆರೆದಿದೆ ಎಂದ ಮಾತ್ರಕ್ಕೆ ಬ್ಯಾಂಡ್‌ವಿಡ್ತ್ ಖರ್ಚಾಗುತ್ತಿದೆ ಎಂದು ತಿಳಿಯಬಾರದು. ಸಂದೇಶಕ್ಕಾಗಿ ಕಾಯುತ್ತಿರುವ ಚಾಟ್ ತಂತ್ರಾಂಶದ ಸಂಪರ್ಕ ದಿನವಿಡೀ ತೆರೆದಿದ್ದರೂ ಅದರಲ್ಲಿ ಹರಿಯುವುದು ಅತ್ಯಲ್ಪ. ಕಡತಗಳ ಬ್ಯಾಕಪ್ ಮಾಡುತ್ತಿರುವ ಒಂದೇ ಒಂದು ಸಂಪರ್ಕ ಇಡೀ ಮಾರ್ಗವನ್ನು ನುಂಗಿಬಿಡಬಹುದು.

ಸಂಪರ್ಕಗಳನ್ನು ನೋಡಲು ಇರುವ ಹಳೆಯ ಸಾಧನ ನೆಟ್‌ಸ್ಟಾಟ್. ಯುನಿಕ್ಸ್ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆಯ ಬಿಎಸ್‌ಡಿ ಪರಂಪರೆಯಿಂದ ಬಂದ, ಟೈಪ್ ಮಾಡಿ ಕೊಡುವ ಈ ಆದೇಶ ಇಂದಿಗೂ ವಿಂಡೋಸ್‌ನಲ್ಲಿದೆ. ಅದರ ಒಂದು ಸಾಲಿನಲ್ಲಿ ದೂರದ ವಿಳಾಸದ ಕೊನೆಗೆ 443 ಎಂದಿದ್ದರೆ, ಸಾಮಾನ್ಯವಾಗಿ ಅದು ಗೂಢಲಿಪೀಕರಿಸಿದ ಜಾಲತಾಣದ ವ್ಯವಹಾರ. ‘ಎಸ್ಟಾಬ್ಲಿಷ್ಡ್’ ಎಂದರೆ ಮಾತುಕತೆ ಜಾರಿಯಲ್ಲಿದೆ, ‘ಲಿಸನಿಂಗ್’ ಎಂದರೆ ಒಳಬರುವ ಕರೆಗಾಗಿ ಒಂದು ತಂತ್ರಾಂಶ ಕಾಯುತ್ತಿದೆ ಎಂದರ್ಥ. ಪಟ್ಟಿಯ ಉದ್ದ ಕಂಡು ಗಾಬರಿಯಾಗಬೇಕಿಲ್ಲ: 127.0.0.1 ಎಂಬ ವಿಳಾಸವಿರುವವು ಕಂಪ್ಯೂಟರ್ ತನ್ನೊಳಗೇ ಆಡಿಕೊಳ್ಳುವ ಮಾತುಗಳು, ಅವು ಹೊರಗೆ ಹೋಗುವುದೇ ಇಲ್ಲ. ತಕ್ಕ ಆಯ್ಕೆ ಕೊಟ್ಟು ಕೇಳಿದರೆ ಸಾಲಿನ ಕೊನೆಯಲ್ಲಿ ಪಿಐಡಿ ಎಂಬ, ಓಡುತ್ತಿರುವ ತಂತ್ರಾಂಶದ ಗುರುತಿನ ಸಂಖ್ಯೆ ಬರುತ್ತದೆ. ನನ್ನ ಮಟ್ಟಿಗೆ ಈ ಪಟ್ಟಿಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದೇ, ಏಕೆಂದರೆ ಟಾಸ್ಕ್ ಮ್ಯಾನೇಜರಿನಲ್ಲಿ ಅದೇ ಸಂಖ್ಯೆಯನ್ನು ಹುಡುಕಿದಾಗ ಆ ಸಂಪರ್ಕ ಯಾವ ತಂತ್ರಾಂಶದ್ದು ಎಂಬುದು ಹೆಸರುಸಹಿತ ಗೊತ್ತಾಗುತ್ತದೆ. ಲಿನಕ್ಸ್‌ನಲ್ಲಿ ಎಸ್‌ಎಸ್ ಮತ್ತು ನೆಟ್‌ಹಾಗ್ಸ್, ಮ್ಯಾಕ್‌ನಲ್ಲಿ ಆ್ಯಕ್ಟಿವಿಟಿ ಮಾನಿಟರ್ ಇವೇ ಕೆಲಸಗಳಿಗೆ ಇವೆ.

ನೋಡುವಾಗ ಡೌನ್‌ಲೋಡಿನ ಅಂಕಿಯಷ್ಟೇ ಗಮನವನ್ನು ಅಪ್‌ಲೋಡಿಗೂ ಕೊಡಬೇಕು. ಎಷ್ಟೋ ಸಂಪರ್ಕಗಳಲ್ಲಿ ಮೇಲೆ ಹೋಗುವ ದಾರಿ ಕಿರಿದು. ಫೋಟೊಗಳ ಬ್ಯಾಕಪ್ ಅದನ್ನು ತುಂಬಿಕೊಂಡಾಗ, ಬಂದ ಡೇಟಾಕ್ಕೆ ‘ತಲುಪಿತು’ ಎಂದು ಹೇಳುವ ಪುಟ್ಟ ಉತ್ತರಗಳೂ ಸಾಲಿನಲ್ಲಿ ಕಾಯುವಂತಾಗಿ, ಡೌನ್‌ಲೋಡೂ ಕುಂಟುತ್ತದೆ, ವಿಡಿಯೊ ಕರೆಯೂ ತಡವರಿಸುತ್ತದೆ.

ಈ ಸಾಧನಗಳೆಲ್ಲ ಲೆಕ್ಕ ಕೊಡುವುದು ತಾವಿರುವ ಕಂಪ್ಯೂಟರಿನದನ್ನು ಮಾತ್ರ. ಇಲ್ಲಿ ಬಳಕೆ ಸೊನ್ನೆಯ ಹತ್ತಿರವಿದ್ದೂ ನೆಟ್ ನಿಧಾನವಾಗಿದ್ದರೆ, ಅದೇ ವೈಫೈ ಬಳಸುವ ಫೋನ್ ಮತ್ತು ಟಿವಿಗಳ ಲೆಕ್ಕವನ್ನು ರೌಟರಿನ ನಿರ್ವಹಣಾ ಪುಟದಲ್ಲಿ ಹುಡುಕಬೇಕಾಗುತ್ತದೆ.