ಎಲ್ಲ ಪಿಡಿಎಫ್ ಮಾಡಿ ಕೊಟ್ಟರೆ ಸಾಕಲ್ಲವೇ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಮೆಕ್ಕೆಜೋಳದ ವ್ಯಾಪಾರ. ಬಾಕಿ ಹಣಕ್ಕಾಗಿ ಕಮರ್ಷಿಯಲ್ ದಾವೆ ಹಾಕುತ್ತಿದ್ದೇವೆ. ಈಮೇಲ್, ಎಕ್ಸೆಲ್ ಲೆಕ್ಕ, ವಾಟ್ಸ್‌ಆ್ಯಪ್ ಮಾತುಕತೆ, ತೂಕದ ಚೀಟಿಯ ಫೋಟೊ ಎಲ್ಲ ಇವೆ. ಎಲ್ಲವನ್ನೂ ಪಿಡಿಎಫ್ ಮಾಡಿಸಿ ಪೆನ್‌ಡ್ರೈವ್‌ಗೆ ಹಾಕಿ ವಕೀಲರಿಗೆ ಕೊಟ್ಟರೆ ಸಾಕಲ್ಲವೇ? ಪಿಡಿಎಫ್ ಆದರೆ ಯಾರಿಗೂ ತಿದ್ದಲು ಬರುವುದಿಲ್ಲವಲ್ಲ?

ಉತ್ತರ: ಮತ್ತೆ ಅದೇ ಪ್ರಶ್ನೆ. ಚಳ್ಳಕೆರೆಯಿಂದ ಬಂದರೆ ಎಣ್ಣೆ ಮಿಲ್ಲಿನದು, ಚಿತ್ರದುರ್ಗದಿಂದ ಬಂದರೆ ಗಾಳಿಯಂತ್ರದ್ದು. ಕೊನೆಯ ವಾಕ್ಯ ಮಾತ್ರ ಎಲ್ಲರದ್ದೂ ಒಂದೇ.

ಸಣ್ಣ ಉತ್ತರ ಇಷ್ಟು. ಫೈಲು ಯಾವ ರೂಪದಲ್ಲಿ ಹುಟ್ಟಿತೋ ಅದೇ ರೂಪದಲ್ಲಿ ಒಂದು ಪ್ರತಿ ಎತ್ತಿಡಿ. ಅದನ್ನು ತೆರೆಯುವ ಮೊದಲೇ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ) ತೆಗೆದು ಬರೆದಿಡಿ. ಓದಲು, ಪುಟಸಂಖ್ಯೆ ಹಾಕಲು, ಇ-ಫೈಲಿಂಗ್ ಮಾಡಲು ಬೇಕಾದ ಪಿಡಿಎಫ್ಅನ್ನು ಆಮೇಲೆ ಇನ್ನೊಂದು ಪ್ರತಿಯಿಂದ ಮಾಡಿ. ವಕೀಲರಿಗೆ ಎರಡನ್ನೂ ಕೊಡಿ. ಪಿಡಿಎಫ್ ಓದುವುದಕ್ಕೆ, ಮೂಲ ಫೈಲು ಸಾಬೀತಿಗೆ.

ಇನ್ನು ಆ ‘ತಿದ್ದಲು ಬರುವುದಿಲ್ಲ’ ಎನ್ನುವ ಮಾತು. ಬರುತ್ತದೆ. ಲಿಬ್ರೆಆಫೀಸ್ ಡ್ರಾ ಎಂಬ ಉಚಿತ ತಂತ್ರಾಂಶದಲ್ಲಿ ಪಿಡಿಎಫ್ ತೆರೆದು 4,50,000 ಇದ್ದಲ್ಲಿ 4,80,000 ಬರೆದು ಮತ್ತೆ ಪಿಡಿಎಫ್ ಆಗಿಯೇ ಉಳಿಸಬಹುದು. 1993ರಲ್ಲಿ ಅಡೋಬಿ ಕಂಪನಿ ಇದನ್ನು ತಂದದ್ದು ಯಾವ ಯಂತ್ರದಲ್ಲಿ ತೆರೆದರೂ ಪುಟ ಒಂದೇ ಥರ ಕಾಣಲಿ ಎಂದು. ಕಾವಲು ಕಾಯುವುದು ಅದರ ಕೆಲಸ ಅಲ್ಲ. ‘ಹಾಗಾದರೆ ಪಿಡಿಎಫ್/ಎ ಮಾಡಿಸುತ್ತೇವೆ’ ಎನ್ನುವವರೂ ಇದ್ದಾರೆ. ಅದು ದೀರ್ಘಕಾಲ ಕಾಪಿಡಲು ಮಾಡಿದ ರೂಪ. ಫಾಂಟು ಫೈಲಿನೊಳಗೇ ಇರಬೇಕು, ಪಾಸ್‌ವರ್ಡ್ ಇರಕೂಡದು ಎಂಬಂಥ ನಿಯಮಗಳು ಅದಕ್ಕಿವೆ, ಬೀಗ ಇಲ್ಲ. ಜೆರಾಕ್ಸ್ ಪ್ರತಿಗೆ ಲ್ಯಾಮಿನೇಷನ್ ಹಾಕಿಸಿದ ಮಾತ್ರಕ್ಕೆ ಅದು ಮೂಲಪತ್ರ ಆಗುತ್ತದೆಯೇ?

ತಿದ್ದಬಹುದು ಎನ್ನುವುದಕ್ಕಿಂತ ದೊಡ್ಡ ತೊಂದರೆ ಪಿಡಿಎಫ್ ಮಾಡುವಾಗ ಕಳೆದುಹೋಗುವುದರದ್ದು. ನಿಮ್ಮ ಎಕ್ಸೆಲ್ ಲೆಕ್ಕವನ್ನೇ ನೋಡಿ. ಪಿಡಿಎಫ್ ಆದ ಕೂಡಲೇ ಸೂತ್ರಗಳು ಹೋಗಿ ಬರೀ ಉತ್ತರ ಉಳಿಯುತ್ತದೆ. ಮುಚ್ಚಿಟ್ಟ ಕಾಲಂ, ಸೆಲ್‌ಗೆ ಹಾಕಿದ ಟಿಪ್ಪಣಿ ಬರುವುದಿಲ್ಲ. ಕಾಲಂ ಕಿರಿದಾಗಿದ್ದರೆ ಮೊತ್ತದ ಜಾಗದಲ್ಲಿ ಸಾಲಾಗಿ # ಚಿಹ್ನೆ ಕೂರುತ್ತದೆ. ಇ-ವೇ ಬಿಲ್ (ಸರಕು ಸಾಗಣೆಗೆ ಬೇಕಾದ ಜಿಎಸ್‌ಟಿ ಪತ್ರ) ನಂಬರು 12 ಅಂಕಿಯದು. ಅದನ್ನು ಟೆಕ್ಸ್ಟ್ ಆಗಿ ನಮೂದಿಸದೆ ಬರೇ ಸಂಖ್ಯೆಯಾಗಿ ಬಿಟ್ಟರೆ ಎಕ್ಸೆಲ್ ಅದನ್ನು 1.81 ಗುಣಿಸು ಹತ್ತರ ಹನ್ನೊಂದನೇ ಘಾತ ಎಂಬಂತೆ ಮೊಟಕು ಮಾಡಿ ತೋರಿಸುತ್ತದೆ, ಪಿಡಿಎಫ್‌ನಲ್ಲಿ ಅಚ್ಚಾಗುವುದೂ ಅದೇ. ಇನ್ನೂರು ಲೋಡಿನ ಇ-ವೇ ಬಿಲ್‌ಗಳು ಒಂದೇ ನಂಬರಿನಂತೆ ಕಂಡರೆ ಎದುರು ವಕೀಲರು ಬಿಟ್ಟಾರೆಯೇ? ಮೂಲ ಫೈಲಿನಲ್ಲಿ ಆ ಹನ್ನೆರಡೂ ಅಂಕಿ ಭದ್ರವಾಗಿರುತ್ತವೆ.

ತಾರೀಖಿನ ಪೇಚೂ ಉಂಟು. ಪಿಡಿಎಫ್‌ನ ಒಳಗಿನ ‘ಸೃಷ್ಟಿಯಾದ ದಿನ’ ನೀವು ಅದನ್ನು ಮಾಡಿಸಿದ ದಿನ. 2021ರ ಕರಾರಿಗೆ ಕಳೆದ ವಾರದ ತಾರೀಖು ಅಂಟಿರುತ್ತದೆ. ಅದಕ್ಕೆ ಸಮಜಾಯಿಷಿ ಇದೆ, ನಿಜ. ಆದರೆ ಮೂಲ ಫೈಲು ಕೈಯಲ್ಲಿಲ್ಲದೆ ಸಮಜಾಯಿಷಿ ಕೊಡುವುದು ಕಷ್ಟ.

ಈಮೇಲ್‌ನಲ್ಲಿ ಹೋಗುವುದು ಹೆಡರ್. ಯಾವ ಸರ್ವರ್‌ನಿಂದ ಯಾವ ಸರ್ವರ್‌ಗೆ ಎಷ್ಟು ಗಂಟೆಗೆ ದಾಟಿತು, ಆ ಸಂದೇಶದ ಗುರುತಿನ ಸಂಖ್ಯೆ ಏನು ಎನ್ನುವುದೆಲ್ಲ ಅಲ್ಲಿರುತ್ತದೆ. ಪ್ರಿಂಟ್ ಕೊಟ್ಟರೆ ಬರುವುದು ಇಂದ, ಗೆ, ವಿಷಯ, ಇಷ್ಟೇ. ಲಗತ್ತಿನ ಹೆಸರು ಬರಬಹುದು, ಲಗತ್ತು ಬರುವುದಿಲ್ಲ. ಜಿಮೇಲ್‌ನಲ್ಲಿ ಆ ಮೇಲ್ ತೆರೆದು ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ಗೆ ಹೋಗಿ, ಅಲ್ಲಿ ‘ಡೌನ್‌ಲೋಡ್ ಒರಿಜಿನಲ್’ ಒತ್ತಿದರೆ ಇಎಂಎಲ್ ಫೈಲು ಸಿಗುತ್ತದೆ, ಲಗತ್ತು ಅದರೊಳಗೇ ಇರುತ್ತದೆ. ಔಟ್‌ಲುಕ್ ಆದರೆ ಎಂಎಸ್‌ಜಿ. ವಕೀಲರಿಗೆ ಫಾರ್ವರ್ಡ್ ಮಾಡುವುದು ಮಾತ್ರ ಬೇಡ. ಫಾರ್ವರ್ಡ್ ಆದದ್ದು ನೀವು ಇವತ್ತು ಕಳಿಸಿದ ಹೊಸ ಮೇಲ್, ಅದರ ಹೆಡರ್ ನಿಮ್ಮದು.

ಇದೇ ನಂಬಿಕೆಯ ಇನ್ನೊಂದು ಮರಿ ಕಪ್ಪು ಪಟ್ಟಿ. ದರ, ಬ್ಯಾಂಕ್ ಖಾತೆ ಕಾಣಬಾರದೆಂದು ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆಯುತ್ತಾರೆ. ಅಕ್ಷರ ಅಡಿಯಲ್ಲೇ ಇರುತ್ತದೆ. ಸೆಲೆಕ್ಟ್ ಮಾಡಿ ಕಾಪಿ ಹೊಡೆದು ನೋಟ್‌ಪ್ಯಾಡ್‌ಗೆ ಹಾಕಿದರೆ ಬಯಲು. ಮರೆಮಾಡಲೇಬೇಕಾದ ಪುಟವನ್ನು ಕಪ್ಪು ಬಳಿದ ಮೇಲೆ ಚಿತ್ರವಾಗಿಸಿ, 300 ಡಿಪಿಐ ಟಿಫ್ ಸಾಕು, ಆ ಚಿತ್ರದಿಂದ ಪಿಡಿಎಫ್ ಮಾಡಿ.

ಪಿಡಿಎಫ್ ಆಗಿಯೇ ಹುಟ್ಟಿದ ಫೈಲುಗಳಿಗೆ ಆ ಪಿಡಿಎಫೇ ಮೂಲ. ಬ್ಯಾಂಕಿನಿಂದ ಇಳಿಸಿಕೊಂಡ ಸ್ಟೇಟ್‌ಮೆಂಟ್, ಡಿಜಿಟಲ್ ಸಹಿ ಇರುವ ಕರಾರು ಈ ಜಾತಿಯವು. ಪಾಸ್‌ವರ್ಡ್ ಕಿರಿಕಿರಿ ಎಂದು ‘ಪ್ರಿಂಟ್ ಟು ಪಿಡಿಎಫ್’ ಹೊಡೆದರೆ ಡಿಜಿಟಲ್ ಸಹಿ ಸತ್ತು ಅದರ ಚಿತ್ರ ಮಾತ್ರ ಉಳಿಯುತ್ತದೆ. ಫೈಲನ್ನು ಇದ್ದ ಹಾಗೇ ಕೊಟ್ಟು ಪಾಸ್‌ವರ್ಡನ್ನು ಬೇರೆಯಾಗಿ ತಿಳಿಸಿ.

ಕಾನೂನು ಏನನ್ನುತ್ತದೆ? 3 ಲಕ್ಷ ರೂಪಾಯಿ ಮತ್ತು ಮೇಲಿನ ಕಮರ್ಷಿಯಲ್ ವ್ಯಾಜ್ಯಗಳಿಗೆ ಅನ್ವಯಿಸುವ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 11ರ ನಿಯಮ 6, ದಾಖಲೆ ಬಹಿರಂಗಪಡಿಸಲು ಪ್ರಿಂಟ್‌ಔಟ್ ಸಾಕು ಎನ್ನುತ್ತದೆ. ಜನ ಅಲ್ಲಿಗೆ ಓದು ನಿಲ್ಲಿಸುತ್ತಾರೆ. ಅದೇ ನಿಯಮ ಮುಂದುವರಿದು ಫೈಲು ಯಾರು, ಯಾವಾಗ, ಯಾವ ಕಂಪ್ಯೂಟರಿನಿಂದ ತೆಗೆದರು ಎಂದು ಪ್ರಮಾಣ ಮಾಡಿ ಹೇಳಬೇಕು ಎನ್ನುತ್ತದೆ. ಮೆಟಾಡೇಟಾ (ಫೈಲಿನ ಹುಟ್ಟು, ತಿದ್ದುಪಡಿಯ ವಿವರ), ಲಾಗ್ (ಯಂತ್ರ ತಾನೇ ಬರೆದಿಡುವ ದಾಖಲೆ) ಸಹಿತ ಹೆಚ್ಚಿನ ಪುರಾವೆ ಕೇಳುವ ಅಧಿಕಾರವನ್ನೂ ಕೋರ್ಟಿಗೆ ಕೊಡುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದಲ್ಲಿ ಎರಡು ಭಾಗ: ಒಂದನ್ನು ಪಕ್ಷಕಾರರು, ಇನ್ನೊಂದನ್ನು ತಜ್ಞರು ತುಂಬಬೇಕು. ಎರಡರಲ್ಲೂ ಹ್ಯಾಶ್ ನಮೂದಿಸಬೇಕು. ಪಿಡಿಎಫ್‌ನ ಹ್ಯಾಶ್ ಬೇರೆ, ಅದರ ಮೂಲವಾದ ಎಕ್ಸೆಲ್‌ನ ಹ್ಯಾಶ್ ಬೇರೆ. ಒಂದರಿಂದ ಇನ್ನೊಂದನ್ನು ಲೆಕ್ಕ ಹಾಕಿ ತೆಗೆಯಲು ಬರುವುದಿಲ್ಲ.

ಹ್ಯಾಶ್ ತೆಗೆಯಲು ದುಡ್ಡು ಕೊಡಬೇಕಿಲ್ಲ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ‘ಗೆಟ್-ಫೈಲ್‌ಹ್ಯಾಶ್’ ಆದೇಶ ಕೊಟ್ಟರೆ ಎಸ್‌ಎಚ್‌ಎ-256 ಪ್ರಕಾರ 64 ಅಕ್ಷರದ ಸಾಲು ಬರುತ್ತದೆ. ಫೈಲಿನ ಹೆಸರು ಬದಲಿಸಿದರೆ ಅದು ಬದಲಾಗುವುದಿಲ್ಲ, ಒಳಗೆ ಒಂದು ಚುಕ್ಕಿ ಬದಲಾದರೂ ಬದಲಾಗುತ್ತದೆ. ಎಡವುವುದು ಇಲ್ಲೇ: ಎಕ್ಸೆಲ್ ತೆರೆದು ಏನನ್ನೂ ಮುಟ್ಟದೆ ಮುಚ್ಚಿದರೂ, ಇವತ್ತಿನ ತಾರೀಖು ತರುವ ಸೂತ್ರ ಇದ್ದರೆ ‘ಬದಲಾವಣೆ ಉಳಿಸಲೇ?’ ಎಂದು ಅದು ಕೇಳುತ್ತದೆ. ಅಭ್ಯಾಸಬಲದಿಂದ ಹೌದು ಎಂದರೆ ಮುಗಿಯಿತು. ಪೆನ್‌ಡ್ರೈವ್‌ಗೆ ಬಿಡಿಬಿಡಿ ಫೈಲು ಎಳೆದು ಹಾಕಿದರೆ ‘ಸೃಷ್ಟಿಯಾದ ದಿನ’ ನಕಲು ಮಾಡಿದ ದಿನವಾಗುತ್ತದೆ. ಹ್ಯಾಶ್ ಕೆಡುವುದಿಲ್ಲ, ಪ್ರಶ್ನೆ ಹುಟ್ಟುತ್ತದೆ. ಮೂಲ ದಿನಾಂಕಗಳ ಪಟ್ಟಿ ಮೊದಲೇ ತೆಗೆದಿಡಿ.

ಉಳಿದವು ಬೇಗ ಮುಗಿಯುತ್ತವೆ. ವಾಟ್ಸ್‌ಆ್ಯಪ್‌ಗೆ ಸ್ಕ್ರೀನ್‌ಶಾಟ್ ಸಾಲದು, ‘ಎಕ್ಸ್‌ಪೋರ್ಟ್ ಚಾಟ್’ ಮಾಡಿ ಅದರಲ್ಲಿನ ಫೋಟೊ, ಧ್ವನಿ, ವಿಡಿಯೊ ಸಹಿತ ತೆಗೆಯಿರಿ, ಫೋನನ್ನೂ ಇಟ್ಟುಕೊಳ್ಳಿ. ತೂಕದ ಚೀಟಿಯ ಫೋಟೊವನ್ನು ತೆಗೆದ ಫೋನಿನಿಂದ ಕೇಬಲ್ ಹಾಕಿ ಇಳಿಸಿ. ಫೋಟೊ ಆಗಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಗಾತ್ರ ಕುಗ್ಗಿ, ತೆಗೆದ ಸಮಯದ ವಿವರ ಕಳಚಿಹೋಗುತ್ತದೆ. ವೇಬ್ರಿಡ್ಜ್ ಕ್ಯಾಮೆರಾದ ವಿಡಿಯೊ ಡಿವಿಆರ್‌ನಿಂದ ಯಾವ ರೂಪದಲ್ಲಿ ಬಂತೋ ಹಾಗೇ, ಅದರ ಪ್ಲೇಯರ್ ಸಮೇತ ಕೊಡಿ. ನೋಡಲು ಬೇಕಿದ್ದರೆ ಎಂಪಿ4 ಜೊತೆಗಿರಲಿ. ಗಾಳಿಯಂತ್ರದವರ ಸಿಎಸ್‌ವಿ ಲಾಗ್‌ಗಳನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಬೇಡಿ. ಸಂಖ್ಯೆಯ ಆರಂಭದ ಸೊನ್ನೆಗಳು ಉದುರುತ್ತವೆ, 15 ಅಂಕಿ ದಾಟಿದ್ದು ಸೊನ್ನೆಯಾಗುತ್ತದೆ, ದಿನ ತಿಂಗಳು ಅದಲುಬದಲಾಗುವುದೂ ಉಂಟು.

ಯಾರೂ ಕೇಳದ, ಆದರೆ ನಮ್ಮ ಕಡೆ ಕೇಳಲೇಬೇಕಾದ ಪ್ರಶ್ನೆ ಕನ್ನಡದ್ದು. ಕೋರ್ಟ್ ಎದುರಿನ ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಕರಾರುಗಳು ರಾಶಿ ಇವೆ. ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಅದಕ್ಕೆ ಕನ್ನಡದ ರೂಪ ತೊಡಿಸುವುದು ಫಾಂಟು. ಆ ಫಾಂಟು ಇಲ್ಲದ ಯಂತ್ರದಲ್ಲಿ ವರ್ಡ್ ಫೈಲು ತೆರೆದರೆ ಗೋಜಲು. ಇಲ್ಲಿ ಫಾಂಟನ್ನು ಒಳಗೇ ಹೊತ್ತ ಪಿಡಿಎಫ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಮೂಲದ ಜೊತೆ ಕಡ್ಡಾಯವಾಗಿ ಕೊಡಿ. ಆದರೆ ಅದರಲ್ಲಿ ‘ಮೆಕ್ಕೆಜೋಳ’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ. ಹುಡುಕಲೆಂದೇ ಯುನಿಕೋಡ್‌ಗೆ ಪರಿವರ್ತಿಸಿದ ಮೂರನೇ ಪ್ರತಿ ಮಾಡಿ, ಅದು ಪರಿವರ್ತಿತ ಪ್ರತಿ ಎಂದು ಹೆಸರಿನಲ್ಲೇ ಬರೆಯಿರಿ. ಮಾಡಿದ ಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನೂ ನಡುವೆ ಬರುವ ಇಂಗ್ಲಿಷನ್ನೂ ಕಣ್ಣಿಟ್ಟು ನೋಡಿ. ಸರಳ ಪರಿವರ್ತಕಗಳು ಇಂಗ್ಲಿಷಿನಲ್ಲಿರುವ ಜಿಎಸ್‌ಟಿ ನಂಬರನ್ನೂ ನುಡಿ ಸಂಕೇತ ಎಂದು ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತವೆ.