ಏರಿ ಗಟ್ಟಿಯಾಗಿದ್ದರೂ ನಮ್ಮ ಕೆರೆ 'ಹೆಚ್ಚು ಅಪಾಯ'ದ ವರ್ಗಕ್ಕೇಕೆ?

ಪ್ರಶ್ನೆ: ಸೋಮವಾರಪೇಟೆ ಕಡೆ ನಮ್ಮದೊಂದು ಕಾಫಿ ತೋಟ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ಬೇಕಾಗುತ್ತದೆಂದು ತಂದೆಯವರು ಮಣ್ಣಿನ ಏರಿ ಹಾಕಿಸಿ ಕೆರೆ ಕಟ್ಟಿಸಿದ್ದರು. ಏರಿಯ ಎತ್ತರ 6 ಮೀಟರ್, ಒಂದು ಬಿರುಕೂ ಇಲ್ಲ. ನೋಡಲು ಬಂದ ಎಂಜಿನಿಯರ್ ಮಾತ್ರ ಇದು 'ಹೆಚ್ಚು ಅಪಾಯ'ದ ಅಣೆಕಟ್ಟು ಅಂದರು. ಇದ್ಯಾವ ನ್ಯಾಯ?

ಉತ್ತರ: ಅವರು ನಿಮ್ಮ ಏರಿಯನ್ನು ದೂರಿಲ್ಲ, ಏರಿಯ ಕೆಳಗೆ ಯಾರಿದ್ದಾರೆಂದು ನೋಡಿದ್ದಾರೆ. ಅಪಾಯದ ವರ್ಗೀಕರಣದಲ್ಲಿ ಕೇಳುವ ಪ್ರಶ್ನೆ ಒಂದೇ: ಕಟ್ಟೆ ಒಡೆದರೆ ಏನು ಹೋಗುತ್ತದೆ? ಅಮೆರಿಕದಲ್ಲಿ ಮೂರು ವರ್ಗಗಳಿವೆ. ಒಡೆದಾಗ ಜೀವಹಾನಿ ಆಗುವ ಸಂಭವವಿದ್ದರೆ ಅದು ಮೇಲಿನ ವರ್ಗ, ಕಟ್ಟೆ ನಿನ್ನೆ ಕಟ್ಟಿದ್ದಾದರೂ ಸರಿ. ಕಟ್ಟೆಯ ಸ್ಥಿತಿಗತಿಗೆ ಬೇರೆಯೇ ಅಂಕ.

ತಂದೆಯವರ ಕಾಲದಲ್ಲಿ ಕೆಳಗೆ ಬರೀ ಗದ್ದೆ ಇದ್ದಿರಬಹುದು. ಈಗ ತೋಡಿನ ಪಕ್ಕ ತೋಟದ ಕಾರ್ಮಿಕರ ಲೈನ್ ಮನೆಗಳಿದ್ದರೆ, ಅದರಾಚೆ ಹೋಂಸ್ಟೇ ಎದ್ದಿದ್ದರೆ, ಏರಿಯ ಮಣ್ಣು ಒಂದು ಬುಟ್ಟಿಯೂ ಅಲುಗದೆ ಕೆರೆಯ ವರ್ಗ ಮೇಲೇರುತ್ತದೆ. ಒಂದು ಎಕರೆ ಹರಡಿದ, ಸರಾಸರಿ 3 ಮೀಟರ್ ಆಳದ ಕೆರೆಯಲ್ಲಿ ಸುಮಾರು 1.2 ಕೋಟಿ ಲೀಟರ್ ನೀರಿರುತ್ತದೆ. ನಮ್ಮ ಇಳಿಜಾರಿನಲ್ಲಿ ಅದು ಓಡಿ ತಪ್ಪಿಸಿಕೊಳ್ಳಲು ಬಿಡುವ ನೀರಲ್ಲ. ಕೆನ್ಯಾದ ಸೊಲೈಯಲ್ಲಿ 2018ರ ಮೇ ತಿಂಗಳಲ್ಲಿ ಮಳೆಗೆ ಒಡೆದದ್ದೂ ಒಂದು ಖಾಸಗಿ ತೋಟದ ಮಣ್ಣಿನ ಕಟ್ಟೆಯೇ. ಕೆಳಗೆ ಮಲಗಿದ್ದವರಲ್ಲಿ 40ಕ್ಕೂ ಹೆಚ್ಚು ಜನ ಸತ್ತರು.

ಕಾನೂನು ನೋಡಿಕೊಳ್ಳುತ್ತದೆ ಅಂತ ಕೂರುವಂತಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯಿಸುವುದು 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳಿಗೆ. 10ರಿಂದ 15 ಮೀಟರ್‌ ಒಳಗಿನವಕ್ಕೆ 500 ಮೀಟರ್ ಉದ್ದ, 10 ಲಕ್ಷ ಘನ ಮೀಟರ್ ಸಂಗ್ರಹ ಮುಂತಾದ ಷರತ್ತುಗಳಲ್ಲಿ ಒಂದಾದರೂ ಕೂಡಬೇಕು. ನಿಮ್ಮ 6 ಮೀಟರ್ ಏರಿ ಅದರ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ನೋಡಿಕೊಳ್ಳಬೇಕಾದವರು ನೀವೇ.

ನನ್ನನ್ನು ಕೇಳಿದರೆ ಮೊದಲು ಕೋಡಿ, ಅಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ದಾರಿ, ನೋಡಿ. ಮಣ್ಣಿನ ಏರಿಗೆ ನೀರು ಮೇಲೆ ಹತ್ತಿ ಹರಿಯುವುದಕ್ಕಿಂತ ದೊಡ್ಡ ಶತ್ರುವಿಲ್ಲ; ಒಮ್ಮೆ ಹರಿಯಲು ಶುರುವಾದರೆ ಹಿಂಬದಿಯ ಮಣ್ಣು ಕೊರೆದು ಏರಿಯೇ ಕೊಚ್ಚಿಹೋಗುತ್ತದೆ. ನಮ್ಮಲ್ಲಿ ಕೋಡಿಗೆ ಮಾಡುವ ಅನ್ಯಾಯ ಎರಡು. ಸಾಕಿದ ಮೀನು ಹೋಗದಿರಲೆಂದು ಬಲೆ ಕಟ್ಟುತ್ತೇವೆ. ಆಷಾಢದ ಒಂದು ರಾತ್ರಿಯ ಗಾಳಿಗೆ ಸಿಲ್ವರ್ ಓಕ್ ಎಲೆ ಬಂದು ಮೆತ್ತಿಕೊಂಡರೆ ಆ ಬಲೆಯೇ ಗೋಡೆ. ಇನ್ನೊಂದು, ಬೇಸಿಗೆಗೆ ನಾಲ್ಕು ದಿನ ಹೆಚ್ಚು ನೀರು ಸಿಗಲೆಂದು ಕೋಡಿಗೆ ಮರಳಿನ ಚೀಲ ಪೇರಿಸಿ, ಮಳೆಗಾಲಕ್ಕೆ ತೆಗೆಯಲು ಮರೆಯುವುದು. 2018ರ ಆಗಸ್ಟ್ ಕಂಡವರಿಗೆ ಕೊಡಗಿನ ಮಳೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಏರಿಯ ಹಿಂಬದಿಯ ಬುಡ. ಕಾಡು ಸವರಿಸದೆ ಏನೂ ಕಾಣದು. ಏಡಿ, ಹೆಗ್ಗಣದ ಬಿಲ, ಗೆದ್ದಲ ಹುತ್ತ, ಏರಿಯ ಮೇಲೆ ಬೆಳೆದು ಸತ್ತ ಮರದ ಕೊಳೆತ ಬೇರು, ಇವೆಲ್ಲ ನೀರಿಗೆ ದಾರಿ. ಒಂದಿಷ್ಟು ತಿಳಿನೀರು ಜಿನುಗಿದರೆ ಗಾಬರಿ ಬೇಡ, ದಿನಾ ಗಮನಿಸಿ. ಅದೇ ನೀರು ಕೆಂಪಗೆ, ಕದಡಿ ಬಂದರೆ ಏರಿ ಒಳಗಿಂದ ಸವೆಯುತ್ತಿದೆ ಎಂದೇ ಅರ್ಥ. ಆಗ ಮೊದಲ ಫೋನು ಲೈನ್ ಮನೆಯವರಿಗೆ, ಆಮೇಲೆ ಪಂಚಾಯಿತಿಗೆ. ತೂಬು ತೆರೆದು ನೀರಿಳಿಸುವುದು ಅದರ ಜೊತೆಗೇ ನಡೆಯಲಿ. ತೂಬು ತುಕ್ಕು ಹಿಡಿದು ಕೂತಿದೆಯೋ ಏನೋ, ಮೇ ತಿಂಗಳಲ್ಲೇ ಒಮ್ಮೆ ತಿರುಗಿಸಿ ನೋಡಿಕೊಂಡಿರಿ.